ಕಡಿಮೆ ಬೆಲೆಯ ಪಿಕಪ್

"ಇನ್ನೊಂದು ಸಲ ನುಡಿಸಿ ಮೇಷ್ಟ್ರೇ. ಈ ಸಲ ಗೋಡೆ ಕಡೆ ಮುಖ ಮಾಡಿ," ಎಂದ ಅಂಗಡಿಯವನು. "ನೋಡ್ತಾ ಕೂತರೆ ಬೆಲೆ ಕೇಳಿಸುತ್ತೆ, ಸ್ವರ ಕೇಳಿಸಲ್ಲ."

ಅವಳ ಗಂಡ ನಗುತ್ತಾ ಸ್ಟೂಲನ್ನು ತಿರುಗಿಸಿಕೊಂಡ. ಅವಳು ಬಾಗಿಲ ಪಕ್ಕದ ಬೆಂಚಿನಲ್ಲಿ ಗಿಟಾರಿನ ಖಾಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಅಂಗಡಿಯೆಂದರೆ ಒಂದೇ ಕೋಣೆ. ಗೋಡೆಯ ಮೊಳೆಗಳಿಗೆ ಕುತ್ತಿಗೆ ಮುರಿದ ಪಿಟೀಲುಗಳು, ಮೇಜಿನ ಮೇಲೆ ಬೆಸುಗೆಯ ಕಡ್ಡಿ, ಸುಟ್ಟ ರಾಳದ ವಾಸನೆ.

ಹನ್ನೊಂದು ವರ್ಷದಿಂದ ಗಂಡ ಒಂದು ಹೋಟೆಲಿನ ಊಟದ ಹಾಲಿನಲ್ಲಿ ಮಧ್ಯಾಹ್ನದ ಹೊತ್ತು ಗಿಟಾರ್ ನುಡಿಸುತ್ತಿದ್ದ. ಬೇರೆ ಕೆಲಸ ಅವನಿಗೆ ಬರುತ್ತಿರಲಿಲ್ಲ. ಹೊಸ ಮ್ಯಾನೇಜರ್ ಬಂದ ಮೇಲೆ ದೂರು ಶುರುವಾಯಿತು. ಸ್ವರ ಚುಚ್ಚುತ್ತದೆ, ಊಟಕ್ಕೆ ಬಂದವರು ಸ್ಪೀಕರಿನಿಂದ ದೂರದ ಮೇಜು ಕೇಳುತ್ತಾರೆ. ಶುಕ್ರವಾರದೊಳಗೆ ಸರಿ ಮಾಡಿಕೊಂಡು ಬನ್ನಿ, ಆಗದಿದ್ದರೆ ಹೇಳಿ, ರೆಕಾರ್ಡ್ ಹಾಕಿಕೊಳ್ಳುತ್ತೇವೆ ಎಂದಿದ್ದ. "ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ," ಎಂದು ಗಂಡ ಮನೆಯಲ್ಲಿ ಎರಡು ದಿನ ಕೂಗಾಡಿದ. ಮೂರನೆಯ ದಿನ, ಪಿಕಪ್ ಹಳೆಯದಾಗಿರಬೇಕು ಎಂದ. ತಂತಿಯ ನಡುಕವನ್ನು ಹಿಡಿದು ಸ್ಪೀಕರಿಗೆ ಕಳಿಸುವ ಆ ಪಟ್ಟಿಗೆ ಗಿಟಾರಿನಷ್ಟೇ ವಯಸ್ಸಾಗಿತ್ತು.

ಅಂಗಡಿಯವನು ಅವರ ಜೇಬಿಗೆ ಎಟುಕುವಂಥ ಮೂರು ಪಿಕಪ್‌ಗಳನ್ನು ತೆಗೆದಿಟ್ಟಿದ್ದ. ಒಂದು ತಂತಿಗಳು ಕೂರುವ ಎಲುಬಿನ ತುಂಡಿನ ಕೆಳಗೆ ತೂರಿಸುವ ಪಟ್ಟಿ, ಎಲ್ಲಕ್ಕಿಂತ ಅಗ್ಗದ್ದು. ಇನ್ನೊಂದು ಹಲಗೆಗೆ ಅಂಟಿಸುವ ಬಿಲ್ಲೆ. ಮತ್ತೊಂದು ಗಿಟಾರಿನ ಬಾಯಿಗೆ ಅಡ್ಡ ಕೂರಿಸುವ ಅಯಸ್ಕಾಂತ. ಮೂರನ್ನೂ ತಾತ್ಕಾಲಿಕವಾಗಿ ಕೂರಿಸಿ ಒಂದು ಸ್ವಿಚ್ಚಿಗೆ ಸೇರಿಸಿದ್ದ. ಸ್ವಿಚ್ಚಿನಿಂದ ವೈರು ಸಾಬೂನಿನಷ್ಟು ದಪ್ಪದ ಒಂದು ಪೆಟ್ಟಿಗೆಗೆ ಹೋಗುತ್ತಿತ್ತು. ಅದರ ಮೇಲೆ ಮೂರು ತಿರುಪು: ಒಂದು ತಗ್ಗು ಸ್ವರಕ್ಕೆ, ಒಂದು ತೀರ ಮೇಲಿನ ಸ್ವರಕ್ಕೆ, ಒಂದು ಮಾರ್ದನಿಗೆ.

ಗಂಡ ನುಡಿಸಿದ. ಅಂಗಡಿಯವನು ಸ್ವಿಚ್ಚು ಬದಲಿಸಿದ. ಅಯಸ್ಕಾಂತದ್ದು ಬಂದಾಗ ಅವಳಿಗೆ ಹಾಯೆನಿಸಿತು. ಮೊದಲ ವರ್ಷಗಳಲ್ಲಿ ಅವನು ಹಾಸಿಗೆಯ ತುದಿಯಲ್ಲಿ ಕುಳಿತು ನುಡಿಸುತ್ತಿದ್ದದ್ದು ಹೀಗೇ ಕೇಳುತ್ತಿತ್ತು.

"ಇದು ಬೇಡ," ಎಂದ ಗಂಡ ಗೋಡೆಗೆ. "ಕಂಬಳಿ ಹೊದ್ದು ಮಲಗಿದೆ. ಮುಂದಿನದು ಹಾಕಿ."

ಪಟ್ಟಿಯದು ಬಂತು. ತಗಡಿನ ಮೇಲೆ ಮೊಳೆ ಎಳೆದ ಹಾಗೆ.

"ಹಾಂ! ಇದು ನೋಡಿ ಗಿಟಾರು! ಅಗ್ಗದ್ದೇ ಗೆದ್ದುಬಿಡ್ತಲ್ಲ. ಸ್ವಲ್ಪ ಮೇಲಿಂದು ಏರಿಸಿ."

ಅಂಗಡಿಯವನು ಅವಳನ್ನು ಒಮ್ಮೆ ನೋಡಿ ತಿರುಪನ್ನು ಅರ್ಧಕ್ಕೆ ತಂದ.

"ಏರಿಸಿ ಅಂದೆ."

ಮುಕ್ಕಾಲಿಗೆ ತಂದ.

"ತಿರುಗಿಸಿದ್ರೋ ಇಲ್ಲ ನಂಗೆ ಟೋಪಿ ಹಾಕ್ತಿದ್ದೀರೋ?"

ಅಂಗಡಿಯವನು ತಿರುಪನ್ನು ಕೊನೆಯವರೆಗೆ ತಿರುಗಿಸಿಬಿಟ್ಟ. ಅವಳ ಹಲ್ಲಿನ ಬೇರು ಜುಮ್ಮೆಂದಿತು. ಗಂಡ ಖುಷಿಯಿಂದ ನುಡಿಸುತ್ತಲೇ ಇದ್ದ.

"ಕುಣಿಯಕ್ಕೆ ಬಾರದವಳು ನೆಲ ಡೊಂಕು ಅಂದಳಂತೆ. ನಿಮ್ಮ ಪೆಟ್ಟಿಗೇನೇ ಕೆಟ್ಟಿದೆ ಕಣ್ರೀ, ಏನೂ ಬದಲಾಗ್ತಿಲ್ಲ," ಎನ್ನುತ್ತಾ ಸ್ಟೂಲಿನ ಮೇಲೆ ತಿರುಗಿದ.

ಅವಳ ಎರಡೂ ಕಿವಿಗಳಲ್ಲಿ ಬೆರಳುಗಳಿದ್ದವು.

ತೆಗೆಯಲು ತಡವಾಯಿತು. ಅವನು ಅವಳ ಕೈಗಳನ್ನು ನೋಡಿದ. ಅಂಗಡಿಯವನನ್ನು ನೋಡಿದ. ಆಮೇಲೆ ಬಗ್ಗಿ, ತಿರುಪಿನ ಬಿಳಿ ಗೆರೆ ಎಲ್ಲಿದೆ ಎಂದು ನೋಡಿದ.

"ಅಷ್ಟೊಂದು ಇತ್ತಾ?" ಎಂದ.



ಎರಡು ವರ್ಷದಿಂದ ಅವಳು ಅವನೊಡನೆ ಜಗಳವಾಡುತ್ತಲೇ ಬಂದಿದ್ದಳು. ಕೆಟಲ್ ಶಿಳ್ಳೆ ಹಾಕಿ ಹಾಕಿ ಬತ್ತಿಹೋದರೂ ಪಕ್ಕದಲ್ಲೇ ಕುಳಿತು ಪೇಪರ್ ಓದುತ್ತಿದ್ದ. ಕಲ್ಲಿಗಾದರೂ ಹೇಳಬಹುದು, ನಿಮಗೆ ಹೇಳೋಕಾಗಲ್ಲ ಎಂದಿದ್ದಳು. ಒಂದು ಬೆಳಿಗ್ಗೆ ಪಾತ್ರೆ ತೊಳೆಯುತ್ತಾ, ನಲ್ಲಿ ಬಿಟ್ಟುಕೊಂಡೇ, ನಾನು ಅಕ್ಕನ ಮನೆಗೆ ಹೋಗಿಬಿಡ್ತೀನಿ, ಮತ್ತೆ ಬರೋದಿಲ್ಲ ಎಂದಿದ್ದಳು. ಅವನು ಸಕ್ಕರೆ ಮುಗಿದಿದೆಯಾ ಎಂದು ಕೇಳಿದ್ದ. ಆ ಸಕ್ಕರೆಯ ಮಾತನ್ನು ಅವಳು ಇಷ್ಟು ದಿನ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. ಈಗ ಅದನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

"ಕಿವಿ ಡಾಕ್ಟರಿಗೆ ಒಂದು ಸಲ ತೋರಿಸಿ ಮೇಷ್ಟ್ರೇ," ಎಂದ ಅಂಗಡಿಯವನು ಮೆಲ್ಲಗೆ. ಮತ್ತೆ ಗಟ್ಟಿಯಾಗಿ ಹೇಳಿದ.

"ತೋರಿಸ್ತೀನಿ. ಶುಕ್ರವಾರಕ್ಕೆ ಏನು ಮಾಡೋಣ, ಅದು ಹೇಳಿ."

ಅಯಸ್ಕಾಂತದ್ದನ್ನೇ ಕೂರಿಸಿದರು. ಪೆಟ್ಟಿಗೆಯ ತಿರುಪುಗಳನ್ನು ಅವಳು ಕೇಳಿ ಕೇಳಿ ಹೇಳಿದ ಜಾಗಕ್ಕೆ ತಂದರು. ಅವನು ಕೈಕಟ್ಟಿ ನಿಂತಿದ್ದ, ತನ್ನ ಬಟ್ಟೆಗೆ ಬೇರೆಯವರು ಅಳತೆ ಕೊಡುವುದನ್ನು ನೋಡುವವನಂತೆ. "ಇಲ್ಲಿ ಸರಿಹೋಯ್ತು ಅಂತ ಅಲ್ಲೂ ಸರಿಹೋಗಲ್ಲ," ಎಂದ ಅಂಗಡಿಯವನು. "ಹಾಲಿನಲ್ಲಿ ಜನ ತುಂಬಿದ ಹಾಗೆ ಸ್ವರ ಬದಲಾಗುತ್ತೆ. ಯಾರಾದರೂ ದೂರ ಕೂತು ಕೇಳಿ ಹೇಳ್ತಿರಬೇಕು. ಅಕ್ಕಾ, ನೀವೇ ಹೋಗಿ."

ಗುರುವಾರ ಅಡುಗೆಮನೆಯ ಮೇಜಿನ ಮೇಲೆ ಕೈಸನ್ನೆಗಳ ಅಭ್ಯಾಸ ಮಾಡಿದರು. ಅಂಗೈ ಚಪ್ಪಟೆ ಇದ್ದರೆ ಸರಿಯಿದೆ. ಮುಷ್ಟಿ ಕಟ್ಟಿದರೆ ಮೇಲಿನದು ಇಳಿಸಬೇಕು. ಎರಡು ಬೆರಳು ಎತ್ತಿದರೆ ಏರಿಸಬೇಕು.

"ಒಂದು ಬೆರಳು ಎತ್ತಿದರೆ ಔಟಾ?" ಎಂದ.

"ಹುಡುಗಾಟ ಬೇಡ."

"ಏನಂದೆ?"

ಅವಳು ಅವನ ಮುಖಕ್ಕೆ ಮುಖ ಕೊಟ್ಟು ಇನ್ನೊಮ್ಮೆ ಹೇಳಿದಳು. ಅವನು ಅವಳ ತುಟಿಗಳನ್ನೇ ನೋಡುತ್ತಿದ್ದ. ಯಾವಾಗಿನಿಂದ ಹೀಗೆ ನೋಡುತ್ತಿದ್ದಾನೋ. ಅದನ್ನು ಅವಳು ಬೇರೇನೋ ಅಂದುಕೊಂಡಿದ್ದಳು.

ಶುಕ್ರವಾರ ಅವಳು ಕಂಬದ ಪಕ್ಕದ ಮೇಜು ಹಿಡಿದು ಒಂದು ಟೀ ಹೇಳಿದಳು. ಹಾಲು ತುಂಬುತ್ತಿತ್ತು. ಚಮಚಗಳ ಸದ್ದು, ಕುರ್ಚಿ ಎಳೆಯುವ ಸದ್ದು. ಮ್ಯಾನೇಜರ್ ಗಾಜಿನ ಬಾಗಿಲ ಹತ್ತಿರ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ. ಗಂಡ ಸಣ್ಣ ಪೆಟ್ಟಿಗೆಯನ್ನು ಪಕ್ಕದ ಸ್ಟೂಲಿನ ಮೇಲಿಟ್ಟು ಶುರುಮಾಡಿದ. ಮೊದಲೆಲ್ಲ ಕಣ್ಣು ಮುಚ್ಚಿ ನುಡಿಸುತ್ತಿದ್ದವನು ಈಗ ರೆಪ್ಪೆ ಬಡಿಯದೆ ಅವಳ ಕೈಯನ್ನು ನೋಡುತ್ತಿದ್ದ. ಅವಳು ಒಮ್ಮೆ ಮುಷ್ಟಿ ಕಟ್ಟಿದಳು. ಅವನು ಬಗ್ಗಿ ತಿರುಪನ್ನು ಕೂದಲೆಳೆಯಷ್ಟು ಇಳಿಸಿದ. ಅವಳು ಅಂಗೈ ಬಿಚ್ಚಿಟ್ಟಳು.

ಎರಡನೆಯ ಹಾಡು ಮುಗಿದಾಗ ಮ್ಯಾನೇಜರ್ ಮೇಜುಗಳ ನಡುವೆ ನಡೆದು ಬಂದ. ಅವಳು ಯಾರೆಂದು ಅವನಿಗೆ ಗೊತ್ತಿರಲಿಲ್ಲ.

"ಸಂಗೀತ ತೊಂದರೆ ಆಗ್ತಿಲ್ಲ ತಾನೇ ಮೇಡಂ?"

"ಇಲ್ಲ. ಹಿತವಾಗಿದೆ."

"ಅಲ್ವಾ? ಈಗ ಇದೆ ಅಂತಲೇ ಗೊತ್ತಾಗಲ್ಲ." ಅವನು ಗಂಡನ ಕಡೆ ತಿರುಗಿ ಹೆಬ್ಬೆರಳು ಎತ್ತಿ ತೋರಿಸಿ ಹೋದ. ಗಂಡ ತಲೆಯಾಡಿಸಿದ. ಮತ್ತೆ ಅವಳ ಕೈಗೆ ಕಣ್ಣು ತಂದ.

ಮೂರನೆಯ ಹಾಡಿನ ನಡುವೆ ಎಲ್ಲಕ್ಕಿಂತ ತೆಳುವಾದ ತಂತಿ ಸಡಿಲಿತು. ಹೊಸ ತಂತಿ, ಬೆಳಿಗ್ಗೆಯಷ್ಟೇ ಕಟ್ಟಿದ್ದ. ಜಾರಿದ್ದು ತುಸುವೇ. ಆದರೆ ರಾಗ ಆ ತಂತಿಯ ಮೇಲೆ ಬಂದು ನಿಂತಾಗಲೆಲ್ಲ ಹುಳಿ ಹಿಂಡಿದ ಹಾಗೆ ಆಗುತ್ತಿತ್ತು. ಮೊದಲಾಗಿದ್ದರೆ ಅರ್ಧ ಸ್ವರಕ್ಕೇ ಕೈ ತಡೆದು, ನಗುತ್ತಾ, ತಂತಿ ಬಿಗಿಯುವ ಬಿರಡೆ ತಿರುಗಿಸುತ್ತಿದ್ದ. ಈಗ ತಗ್ಗಿಸಿದ ಸ್ವರದಲ್ಲಿ, ಹಾಲಿನ ಗದ್ದಲದಲ್ಲಿ, ಅವನು ನುಡಿಸುತ್ತಾ ಹೋದ.

ಇದಕ್ಕೆ ಅವರು ಯಾವ ಸನ್ನೆಯನ್ನೂ ಮಾಡಿಕೊಂಡಿರಲಿಲ್ಲ. ಅವಳ ಕೈ ತಾನಾಗಿ ಮೇಜಿನಿಂದ ಒಂದಿಷ್ಟು ಮೇಲೆದ್ದಿತು. ಅವನ ಕಣ್ಣುಗಳು ಅಗಲವಾದವು. ಒಂದು ತಾಳ ತಪ್ಪಿತು. ಪೆಟ್ಟಿಗೆಯ ಕಡೆ ಹೋದ ಕೈ ಯಾವ ತಿರುಪೆಂದು ತಿಳಿಯದೆ ಗಾಳಿಯಲ್ಲೇ ನಿಂತಿತು. ಬಾಗಿಲ ಹತ್ತಿರ ಮ್ಯಾನೇಜರ್ ತಲೆ ಎತ್ತಿದ.

ಅವಳು ಅಂಗೈಯನ್ನು ಮೇಜುಬಟ್ಟೆಯ ಮೇಲೆ ಚಪ್ಪಟೆಯಾಗಿ ಇಟ್ಟಳು. ಅವನ ಭುಜ ಇಳಿಯಿತು. ಹಾಡಿನ ಮೊದಲ ಸಾಲಿಗೆ ವಾಪಸು ಹೋಗಿ, ಅದೇ ತಂತಿಯ ಮೇಲೆ, ಮೊದಲಿಗಿಂತ ನಿಧಾನವಾಗಿ ನುಡಿಸತೊಡಗಿದ. ಟೀ ಆರಿ ಕೆನೆ ಕಟ್ಟಿತ್ತು. ಅವಳು ಇನ್ನೊಂದು ಕೈಯಿಂದ ಲೋಟ ತೆಗೆದುಕೊಂಡಳು.