ಹೆಬ್ಬೆರಳಿನ ಗುರುತು

ತರಗುಪೇಟೆಯಲ್ಲಿ ಬೆಲ್ಲದ ಮಂಡಿ ಇಟ್ಟಿದ್ದ ಏಕಾಂತಯ್ಯನವರಿಗೆ ಮೋಸ ಮಾಡೋದು ಅಂದರೆ ಹುಡುಗಾಟವಲ್ಲ. ಅಚ್ಚಿನ ಮೇಲೆ ಹೆಬ್ಬೆರಳು ಒತ್ತಿ, ಗುರುತು ಉಳಿದರೆ, "ಇದು ಬೆಲ್ಲದ ತೂಕ ಅಲ್ಲ ಕಣಯ್ಯ, ನೀರಿನ ತೂಕ. ಎತ್ಕೊಂಡು ಹೋಗು" ಅಂತ ಗಾಡಿ ವಾಪಸ್ ಕಳಿಸಿಬಿಡೋ ಆಸಾಮಿ. ಅಂಥವರೇ ಎರಡು ಸಾವಿರದ ಐದರಲ್ಲಿ ತಕ್ಕಡಿ ನಂಬಿ ಕೂತರು.

ಮಗಳು ತನುಶ್ರೀಗೆ ಅವಳ ಅಣ್ಣನ ಅಸ್ಥಿಮಜ್ಜೆ ಹಾಕಿ ಮೂರು ತಿಂಗಳಾಗಿತ್ತು. ಆಸ್ಪತ್ರೆಯಿಂದ ಚಾಮರಾಜಪೇಟೆಯ ಮನೆಗೆ ಬಂದಾಗ ಮೂವತ್ತೆಂಟು ಕೇಜಿ, ಬರೀ ಮೂಳೆಚಕ್ಕಳ. ಡಾಕ್ಟರಮ್ಮ ಬಿಡಿಸಿ ಹೇಳಿದ್ದರು: "ದಿನಾ ತೂಕ ನೋಡಿ. ಆದರೆ ಅದೊಂದನ್ನೇ ನಂಬಬೇಡಿ. ಪ್ರತಿ ಸೋಮವಾರ ರಕ್ತ ಕೊಡಿ. ಅದರಲ್ಲಿ ಆಲ್ಬುಮಿನ್ ಅನ್ನೋ ಪ್ರೋಟೀನ್ ಇಳೀತಿದ್ರೆ ನಮಗೆ ಗೊತ್ತಾಗತ್ತೆ."

ಏಕಾಂತಯ್ಯ ಮಂಡಿಯ ತೂಕದ ಯಂತ್ರವನ್ನೇ ತಂದು ನಡುಮನೆಯಲ್ಲಿಟ್ಟರು. ಮೂವತ್ತೊಂಬತ್ತು. ನಲವತ್ತು. ಚುಚ್ಚಿ ಚುಚ್ಚಿ ನೀಲಿಗಟ್ಟಿದ ಕೈ ತೋರಿಸಿ ತನುಶ್ರೀ, "ಈ ವಾರ ಬೇಡಪ್ಪಾ, ಪ್ಲೀಸ್" ಅಂತ ಅತ್ತಳು. ಹೆತ್ತ ಕರುಳು, ಕೇಳತ್ಯೆ? ತೂಕ ಹೇಗೂ ಏರ್ತಿದೆಯಲ್ಲ ಅಂತ ಒಂದು ಸೋಮವಾರ ಬಿಟ್ಟರು. ಮುಂದಿನದ್ದನ್ನೂ ಬಿಟ್ಟರು.

"ರೀ, ಎರಡು ಚಮಚ ಗಂಜಿ ಒಳಗೆ ಹೋಗಲ್ಲ. ತೂಕ ಎಲ್ಲಿಂದ ಬರ್ತಿದೆ?" ಅಂತ ಹೆಂಡತಿ ಗುರುಬಸಮ್ಮ ಕೇಳಿದರೆ, "ನಿನ್ನ ಬಾಯಲ್ಲಿ ಒಳ್ಳೆ ಮಾತೇ ಬರಲ್ವೇನೇ! ಶಿವ ಕಣ್ಣು ಬಿಟ್ಟಿದಾನೆ" ಅಂತ ರೇಗಿದರು. ಮಗಳ ಭುಜದ ಮೂಳೆ ಮಾತ್ರ ಇನ್ನೂ ಚೂಪಾಗೇ ಕಾಣುತ್ತಿತ್ತು. ಒಳಗೊಳಗೇ ಭಯವಾಯಿತು, ಮುಖ ತಿರುಗಿಸಿಬಿಟ್ಟರು.

ಮೂರನೇ ಸೋಮವಾರ ಬೆಳಿಗ್ಗೆ ಮುಳ್ಳು ನಲವತ್ತಮೂರಕ್ಕೆ ನಿಂತಿತು. ಏಕಾಂತಯ್ಯನವರಿಗೆ ಹಿಗ್ಗೋ ಹಿಗ್ಗು. ಆಸ್ಪತ್ರೆಗೆ ಸೇರುವಾಗ ಬಿಚ್ಚಿಟ್ಟಿದ್ದ ಬೆಳ್ಳಿ ಕಾಲ್ಗೆಜ್ಜೆ ತಂದು, "ಬಾರಮ್ಮ, ನಾನೇ ಹಾಕ್ತೀನಿ" ಅಂತ ಮಗಳನ್ನು ಕುರ್ಚಿಯಲ್ಲಿ ಕೂರಿಸಿ, ಕಾಲ ಬಳಿ ಕೂತರು. ಕೊಂಡಿ ಕೂಡಲಿಲ್ಲ. ಹೆಬ್ಬೆರಳಲ್ಲಿ ಕಾಲು ಒತ್ತಿ ಹಿಡಿದು ಇನ್ನೊಂದು ಸಲ ಎಳೆದರು. ಊಹ್ಞೂಂ. ಬೆರಳು ತೆಗೆದರು.

ಗುರುತು ಹಾಗೇ ಉಳಿದಿತ್ತು. ಕಾದರು. ಗುಳಿ ತುಂಬಿಕೊಳ್ಳಲಿಲ್ಲ. ಪಕ್ಕದಲ್ಲಿ ಒತ್ತಿದರು, ಅಲ್ಲೂ ಒಂದು ಗುಳಿ ಬಿತ್ತು. ನಲವತ್ತು ವರ್ಷ ಹಸಿ ಬೆಲ್ಲ ಪತ್ತೆ ಹಚ್ಚಿದ ಬೆರಳಿಗೆ ಇದೇನಂತ ಯಾರೂ ಹೇಳಬೇಕಿರಲಿಲ್ಲ. "ಲೇ, ಆಟೋ ಕರಿಯೇ" ಅಂತ ಹೆಂಡತಿಯನ್ನು ಕೂಗೋದಕ್ಕೆ ಅಡಿಗೆಮನೆ ಕಡೆ ತಿರುಗಿದರು.

ಕುರ್ಚಿಯಲ್ಲಿ ತನುಶ್ರೀ ಉಸಿರು ಎಳೆದೆಳೆದು ನಗುತ್ತಾ ಕೇಳಿದಳು. "ಅಪ್ಪಾ, ಗೆಜ್ಜೆ ಹಿಡಿಸ್ತಿಲ್ಲ ಅಂದ್ರೆ ನಾನು ನಿಜವಾಗ್ಲೂ ದಪ್ಪ ಆಗಿದೀನಿ, ಅಲ್ವಾ?"