ರೇಣುಕಮ್ಮನ ಕಂಬಳಿ

ಮೆಟ್ರಿ ಊರಲ್ಲಿ ಯಾರಿಗೆ ಪಿತ್ತದ ಗಂಧೆ ಎದ್ದರೂ ಮೊದಲು ನೆನಪಾಗುತ್ತಿದ್ದುದು ರೇಣುಕಮ್ಮನ ಕರಿ ಕಂಬಳಿ. ಮೈತುಂಬ ಕೆಂಪು ದದ್ದು ಹೊತ್ತು ಕೆರೆದುಕೊಳ್ಳುತ್ತ ಬಂದವರನ್ನು ಅವಳು ಬಾಗಿಲು ಮುಚ್ಚಿ ಕೂರಿಸಿ, ಗಾಳಿ ಸೋಕದಂತೆ ಕಂಬಳಿ ಸುತ್ತಿ, ಮೇಲಿಂದ ಗಸಗಸ ಉಜ್ಜುತ್ತಿದ್ದಳು. ಸಂಜೆಯೊಳಗೆ ದದ್ದು ಮಾಯ. ಮುಟ್ಟದೆ ಬಿಟ್ಟಿದ್ದರೂ ಹೆಚ್ಚಿನವರದು ಅಷ್ಟೊತ್ತಿಗೆ ತಾನಾಗಿಯೇ ಇಳಿಯುತ್ತಿತ್ತು ಅನ್ನುವುದು ಬೇರೆ ಮಾತು. ಅದನ್ನು ಅವಳ ಮುಂದೆ ಹೇಳುವ ಧೈರ್ಯ ಯಾರಿಗಿತ್ತು? ಆ ಕಂಬಳಿಗೆ ಪ್ರತಿ ಸೋಮವಾರ ಲೋಬಾನದ ಹೊಗೆ. ಅದರ ಮೇಲೆ ಕೂರುವುದಿರಲಿ, ಕಾಲು ತಾಗಿಸಿದರೂ ಬೈಗುಳ ತಪ್ಪುತ್ತಿರಲಿಲ್ಲ.

ಆ ದಿನ ಬೆಳಿಗ್ಗೆ ಕಂಬಳಿಯೊಳಗೆ ಕೂತವಳು ಅವಳ ಸ್ವಂತ ಸೊಸೆ ಹೇಮಾ. ಮಗ ಅಂಜಿನಿ ಗಣಿ ಲಾರಿ ಹೊಡೆಯಲು ಸಂಡೂರಿಗೆ ಹೋಗಿದ್ದ. ಸೊಸೆಗೆ ಹಲ್ಲುನೋವೆಂದು ರೇಣುಕಮ್ಮ ತನ್ನ ಮೊಣಕಾಲು ನೋವಿನ ಗುಳಿಗೆಯಲ್ಲೇ ಒಂದು ಕೊಟ್ಟಿದ್ದಳು. ಸ್ವಲ್ಪ ಹೊತ್ತಿಗೇ ಕುತ್ತಿಗೆಯಿಂದ ಗಂಧೆ ಎದ್ದಿತು. ಹೋದ ತಿಂಗಳೂ ಹೀಗೇ ಆಗಿತ್ತು, ಕಂಬಳಿಗೆ ಇಳಿದಿತ್ತು, ಓಣಿಗೆಲ್ಲ ಸುದ್ದಿಯಾಗಿತ್ತು. ಹಾಗಾಗಿ ರೇಣುಕಮ್ಮನಿಗೆ ಗಾಬರಿಯೇನೂ ಆಗಲಿಲ್ಲ.

ಆದರೆ ಈ ಸಲ ಉಜ್ಜಿದಷ್ಟೂ ಗಂಧೆ ಏರಿತು. ಹೇಮಾ ಬೆವರಿ ಒದ್ದಾಡಿದಳು. ಇನ್ನಷ್ಟು ಉಜ್ಜಿದರೆ ಸರಿಹೋದೀತೆಂದು ರೇಣುಕಮ್ಮ ಕೈ ಬಿಗಿ ಮಾಡಿದಳು.

"ಅತ್ತಿ, ತೆಗೀರಿ. ಗಂಟಲು ಬಿಗೀತೈತಿ."

ಸೊಸೆಯದೇ ಅನ್ನಿಸದಷ್ಟು ದನಿ ಒಡೆದಿತ್ತು. ರೇಣುಕಮ್ಮ ಮುಸುಕು ಸರಿಸಿದಳು. ತುಟಿ ಎರಡರಷ್ಟು ಊದಿತ್ತು, ಒಂದು ಕಣ್ಣು ಮುಚ್ಚಿಹೋಗಿತ್ತು, ಉಸಿರು ಸುಯ್ಯೆನ್ನುತ್ತಿತ್ತು. ರೇಣುಕಮ್ಮ ಬಾಗಿಲಿಗೆ ಕೈ ಹಾಕುತ್ತಿದ್ದಂತೆ, ಒಳಗೇ ಕೂತು ನೋಡುತ್ತಿದ್ದ ಪಕ್ಕದ ಮನೆಯ ಸುವರ್ಣಮ್ಮ ತಡೆದಳು.

"ಗಾಳಿ ಸೋಕಿದ್ರ ಪಿತ್ತ ಒಳಗ ಇಳೀತೈತಿ, ಜೀವಕ್ಕ ಕುತ್ತು ಅಂತ ನೀನ ಹೇಳ್ತಿದ್ದೆಲ್ಲವ್ವ?"

ಹೌದು, ಮೂವತ್ತು ವರ್ಷ ಅವಳೇ ಹೇಳಿದ್ದ ಮಾತು. ಅವಳು ಒಂದು ಗಳಿಗೆ ನಿಂತಳು. ಆ ಗಳಿಗೆಯಲ್ಲಿ ಹೇಮಾ ಗೋಡೆಗೆ ಒರಗಿ, ಬಾಯಿ ತೆರೆದು ಉಸಿರಿಗೆ ತಡಕಾಡಿದಳು. ರೇಣುಕಮ್ಮ ಬಾಗಿಲು ತೆಗೆದು ಹೊನ್ನೂರುಸ್ವಾಮಿಯ ಆಟೋಕ್ಕೆ ಕೂಗು ಹಾಕಿದಳು.

ಕಂಪ್ಲಿಯ ಆಸ್ಪತ್ರೆಯ ದಾರಿಯುದ್ದಕ್ಕೂ ಕಾಲುವೆ ಗಾಳಿ ಆಟೋದೊಳಗೆ ನುಗ್ಗಿತು. ಕಂಬಳಿ ತೊಡೆಯ ಮೇಲಿತ್ತು. ಹೊದಿಸಲು ಎರಡು ಸಲ ಎತ್ತಿದಳು, ಎರಡು ಸಲವೂ ಹೇಮಾ ತಳ್ಳಿದಳು. ತಾನು ಹೇಳಿದ್ದೇ ನಿಜವಾಗಿದ್ದರೆ ಈ ಗಾಳಿಯೇ ಹುಡುಗಿಯನ್ನು ಕೊಲ್ಲುತ್ತದೆ. ಸುಳ್ಳಾಗಿದ್ದರೆ ತಾನು ಸುತ್ತಿ ಕೂರಿಸಿಕೊಂಡ ಹೊತ್ತು ಕೊಲ್ಲುತ್ತದೆ. ಅವಳಿಗೆ ಅಳುವುದಕ್ಕೂ ಭಯವಾಯಿತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೂಡಲೇ ತೊಡೆಗೆ ಇಂಜೆಕ್ಷನ್ ಚುಚ್ಚಿ ಆಕ್ಸಿಜನ್ ಹಾಕಿಸಿದರು. ಹೇಮಾಳ ಉಸಿರು ನಿಧಾನಕ್ಕೆ ಹಾದಿಗೆ ಬಂತು. ಬರೀ ಗಂಧೆಯಾದರೆ ತಣ್ಣೀರ ಬಟ್ಟೆ, ಸಡಿಲ ಉಡುಪು, ತಾವು ಬರೆದುಕೊಟ್ಟ ಗುಳಿಗೆ ಸಾಕು, ಕಾವು ಕೊಟ್ಟು ಉಜ್ಜಿದರೆ ಕೆರಳುತ್ತದೆ ಎಂದರು. ತುಟಿ, ನಾಲಿಗೆ ಊದಿದರೆ, ಉಸಿರು ಕಟ್ಟಿದರೆ ಒಂದು ನಿಮಿಷವೂ ಕಾಯಬಾರದು, ಇಳಿದ ಊತ ಮತ್ತೆ ಮರಳಬಹುದು, ಅದಕ್ಕೇ ಇವತ್ತು ಇಲ್ಲೇ ಇರಲಿ ಎಂದರು. ಆಮೇಲೆ ಪೆನ್ನು ಹಿಡಿದು ಕೇಳಿದರು.

"ಏನ್ ತಿಂದಿದ್ಲು? ಹಿಂದ ಯಾವಾಗರ ಹಿಂಗ ಆಗಿತ್ತೇನ್ರಿ?"

ಹೇಮಾಳ ಮುಖದ ಮೇಲೆ ಮಾಸ್ಕಿತ್ತು. ಆಟೋದಲ್ಲಿ ಜೊತೆಗೆ ಬಂದಿದ್ದ ಸುವರ್ಣಮ್ಮ ನೋಡುತ್ತಿದ್ದಳು. ಗುಳಿಗೆಯ ಮಾತು ಮುಚ್ಚಿಟ್ಟರೆ ಊರಿಗೆ ತಿಳಿಯುತ್ತಿರಲಿಲ್ಲ. ಊರಲ್ಲಿ ಹೆಸರು ಉಳಿಯುತ್ತಿತ್ತು, ಇನ್ನೊಂದು ಹಲ್ಲುನೋವಿಗೆ ಸೊಸೆ ಉಳಿಯುತ್ತಿರಲಿಲ್ಲ. ರೇಣುಕಮ್ಮ ಎಲೆ ಅಡಿಕೆ ಚೀಲದಿಂದ ಗುಳಿಗೆ ಹಾಳೆ ತೆಗೆದು ಮೇಜಿನ ಮೇಲಿಟ್ಟಳು.

"ಆಗಿತ್ರಿ. ಆವತ್ತೂ ಇದ ಗುಳಿಗಿ. ಎರಡು ಸಲನೂ ಕೊಟ್ಟಾಕಿ ನಾನ."

ಇದನ್ನು ಇನ್ನು ಜನ್ಮದಲ್ಲಿ ಮುಟ್ಟಬಾರದೆಂದು ಡಾಕ್ಟರಮ್ಮ ಚೀಟಿಯ ಮೇಲೆ ಕೆಂಪಕ್ಷರದಲ್ಲಿ ಬರೆದರು. ಮಂಚದ ಪಕ್ಕ ಕುರ್ಚಿ ಇರಲಿಲ್ಲ. ರೇಣುಕಮ್ಮ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ನೆಲಕ್ಕೆ ಹಾಸಿ, ಅದರ ಮೇಲೆ ಕೂತು, ಸೊಸೆಯ ಉಸಿರು ಎಣಿಸತೊಡಗಿದಳು.