ಕೀಲ್ ಬೇರೆ, ಕೀಲಿ ಬೇರೆ

ಕಡಲಾಚೆ ಬಂದು ನೆಲೆಸಿದ ನಮ್ಮ ಜನಕ್ಕೆ ಒಂದು ಗುಣ ಇದೆ. ಶುಗರ್ ಲ್ಯಾಂಡ್‌ನಲ್ಲಿ ಒಬ್ಬರ ಹಿತ್ತಲಲ್ಲಿ ಈಜುಕೊಳ ಬಂತು ಅಂದರೆ, ಮುಂದಿನ ಯುಗಾದಿಯೊಳಗೆ ಆ ಬೀದಿಯಲ್ಲಿ ಐದು ಈಜುಕೊಳ ಆಗಿರುತ್ತವೆ. ಈಜು ಬರುತ್ತಾ ಅಂತ ಮಾತ್ರ ಯಾರನ್ನೂ ಕೇಳಬೇಡಿ, ಬೇಜಾರು ಮಾಡಿಕೊಳ್ಳುತ್ತಾರೆ. ಎರಡು ಸಾವಿರದ ಹದಿನಾಲ್ಕರಲ್ಲಿ ಈ ಹುಚ್ಚು ಹಾಯಿದೋಣಿ ಕಡೆ ತಿರುಗಿತು. ಬಾಗಲಕೋಟೆಯ ಡಾಕ್ಟರ್ ಚಿದಾನಂದ್ ಅವರ ಮನೆ ಮುಂದೆಯೂ ಒಂದು ದಿನ ಇಪ್ಪತ್ತೆರಡು ಅಡಿಯ ಹಳೇ ದೋಣಿ ಟ್ರೇಲರ್ ಮೇಲೆ ಬಂದು ನಿಂತಿತು.

ಅವರ ಹೆಂಡತಿ ಅಮೂಲ್ಯಾಗೆ ನೀರು ಕಂಡರೆ ಭಯ. ಈಜು ಬರಲ್ಲ. ಆದರೆ ಗಂಡ ಮತ್ತು ಹನ್ನೆರಡು ವರ್ಷದ ಮಗಳು ನಿವೇದಿತಾ ಇಬ್ಬರೂ ಕುಣಿಯುತ್ತಿದ್ದಾಗ ಬೇಡ ಅನ್ನೋದು ಹೇಗೆ? ಅವಳು ದೋಣಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಒಳಗೊಳಗೇ ದೇವರನ್ನು ನೆನೆದುಕೊಂಡಳು.

ಅದೇ ವಾರ ಆಸ್ಟಿನ್‌ನಿಂದ ಗೆಳತಿ ಸಂಹಿತಾ ಊಟಕ್ಕೆ ಬಂದಳು. ಮೈಸೂರಿನವಳು. ವಾರವೆಲ್ಲ ಸಾಫ್ಟ್‌ವೇರ್ ಕೆಲಸ, ಶನಿವಾರ ಭಾನುವಾರ ಅಲ್ಲಿನ ಕೆರೆಯಲ್ಲಿ ಹೊಸಬರಿಗೆ ದೋಣಿ ನಡೆಸೋದು ಹೇಳಿಕೊಡುತ್ತಾಳೆ. ಬಂದವಳು ಮನೆಯೊಳಗೆ ಕಾಲಿಡೋ ಮೊದಲೇ ದೋಣಿ ಕೆಳಗೆ ಬಗ್ಗಿ ನೋಡಿದಳು.

"ಡಾಕ್ಟ್ರೇ, ಇದು ಎತ್ತಿ ಇಳಿಸೋ ಕೀಲ್ ಅಲ್ವಾ?"

ಕೀಲ್ ಅಂದರೆ ದೋಣಿಯ ಹೊಟ್ಟೆ ಕೆಳಗೆ ನೀರಿನಲ್ಲಿ ಇಳಿದಿರುವ ಭಾರದ ಹಲಗೆ. ದೋಣಿ ಬಾಗಿದಾಗ ಮತ್ತೆ ಎಬ್ಬಿಸಿ ಕೂರಿಸೋದು ಅದೇ.

ಚಿದಾನಂದ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ಎಲುಬು-ಕೀಲು ಡಾಕ್ಟರ್. "ಇಪ್ಪತ್ತ ವರ್ಷ ಆತವಾ ನಾ ಮಂದಿ ಕೀಲು ರಿಪೇರಿ ಮಾಡಾಕತ್ತು. ನನಗ ಕೀಲು ಕಲಸ್ತೀ ಏನು?"

"ಕಲಿಸ್ತೀನಿ. ಅಮೂಲ್ಯಾ, ಒಂದು ಪ್ಲಾಸ್ಟಿಕ್ ಡಬ್ಬಿ, ಎರಡು ಸ್ಟೀಲ್ ಚಮಚ, ಸ್ವಲ್ಪ ಟೇಪ್ ಕೊಡೇ."

ಅಡುಗೆಮನೆ ಸಿಂಕ್ ತುಂಬ ನೀರು ಬಿಟ್ಟರು. ಸಂಹಿತಾ ಡಬ್ಬಿಯ ತಳಕ್ಕೆ ಒಂದು ಚಮಚವನ್ನು ನೆಟ್ಟಗೆ, ಅಲ್ಲಾಡದ ಹಾಗೆ ಟೇಪ್ ಸುತ್ತಿ ಬಿಗಿದಳು. ನೀರಿಗೆ ಬಿಟ್ಟು ಬೆರಳಿಂದ ಮಲಗಿಸಿದಳು. ಡಬ್ಬಿ ಟಣ್ಣಂತ ಎದ್ದು ಕೂತಿತು.

"ಇದು ಗಟ್ಟಿ ಕೀಲ್. ಒರಟು ಗಾಳಿಗೆ ಇದರಷ್ಟು ನಂಬಿಕೆಯದು ಇಲ್ಲ. ಆದ್ರೆ ನಿಮ್ಮ ಕೊಲ್ಲಿ ಆಳ ಕಮ್ಮಿ, ಕೆಸರಲ್ಲಿ ಹೂತ್ಕೊಳ್ಳುತ್ತೆ. ಕೆಲವು ದೋಣಿಗೆ ತಲೆಯಿಂದ ಬಾಲದವರೆಗೂ ಉದ್ದ ಕೀಲ್ ಇರುತ್ತೆ. ಅಲೆ ಬಂದ್ರೂ ನೆಟ್ಟಗೆ ಹೋಗುತ್ತೆ, ಆದ್ರೆ ತಿರುಗು ಅಂದ್ರೆ ಬೇಗ ತಿರುಗಲ್ಲ."

"ನಮ್ಮದು?" ಅಂದಳು ಅಮೂಲ್ಯಾ.

ಸಂಹಿತಾ ಬಿಗಿದ ಚಮಚ ಕಿತ್ತು, ಇನ್ನೊಂದನ್ನು ಒಂದೇ ತುಂಡು ಟೇಪಿನಿಂದ ಬಾಗಿಲಿನ ಹಾಗೆ ಆಡುವಂತೆ ಅಂಟಿಸಿದಳು. ಡಬ್ಬಿ ಮಗುಚಿದ ಕೂಡಲೇ ಚಮಚ ಮಡಚಿಕೊಂಡು ತಳಕ್ಕೆ ಅಂಟಿತು. ಡಬ್ಬಿ ಏಳಲೇ ಇಲ್ಲ.

"ಆಳ ಇಲ್ಲದ ಕಡೆ ಎತ್ಕೋಬಹುದು, ಟ್ರೇಲರ್ ಮೇಲೆ ಮನೆಗೂ ತರಬಹುದು. ಇದರ ಸುಖ ಅದು. ಆದ್ರೆ ಇಳಿಸಿದ್ರೆ ಸಾಲದು, ಒಳಗಿರೋ ಬೋಲ್ಟ್ ತಿರುಗಿಸಿ ಲಾಕ್ ಮಾಡ್ಬೇಕು. ಇಲ್ಲಾಂದ್ರೆ ಬೇಕಾದ ಹೊತ್ತಿಗೇ ಮಡಚ್ಕೊಳ್ಳುತ್ತೆ. ಮೊಣಕಾಲು ಲಾಕ್ ಆಗದಿದ್ರೆ ಮನುಷ್ಯ ನಿಲ್ತಾನಾ, ಡಾಕ್ಟ್ರೇ?"

"ಹೌದಬೇ ತಾಯಿ, ಹೌದು," ಅಂತ ಚಿದಾನಂದ್ ಕೈ ಮುಗಿದರು. "ರೊಟ್ಟಿ ಆರಾಕತ್ತಾವು, ಮೊದಲ ಉಣ್ಣೂಣು ಬಾ."

ಕೇಳಿಸಿಕೊಂಡರು. ತಲೆಗೆ ಹಾಕಿಕೊಳ್ಳಲಿಲ್ಲ. ಬಲ್ಲವರ ಕಷ್ಟವೇ ಇದು ನೋಡಿ.

ಅಕ್ಟೋಬರ್‌ನ ಒಂದು ಶನಿವಾರ ಮೂವರೂ ಗ್ಯಾಲ್ವೆಸ್ಟನ್ ಕೊಲ್ಲಿಗೆ ಹೋದರು. ಬಿಸಿಲು ಹದವಾಗಿತ್ತು. ಅಮೂಲ್ಯಾ ಚೂಡಿದಾರದ ಮೇಲೆ ಲೈಫ್ ಜಾಕೆಟ್ ಹಾಕಿಕೊಂಡು ಎಲ್ಲ ಪಟ್ಟಿ ಬಿಗಿದಳು. ಮಗಳಿಗೂ ಹಾಕಿಸಿದಳು. "ಯುದ್ಧಕ್ಕ ಹೊಂಟಾಳ ನೋಡು ನಿಮ್ಮವ್ವ," ಅಂತ ಚಿದಾನಂದ್ ಮಗಳಿಗೆ ಕಣ್ಣು ಮಿಟುಕಿಸಿ, ತಮ್ಮ ಜಾಕೆಟ್ಟನ್ನು ದಿಂಬಿನ ಹಾಗೆ ಕೆಳಗೆ ಹಾಕಿಕೊಂಡು ಕೂತರು. ಕೀಲ್ ಇಳಿಸಿದರು. ಅಷ್ಟರಲ್ಲಿ ಅಮೂಲ್ಯಾಗೆ ಫೋನ್ ಬಂತು.

"ಹೊರಟ್ರಾ? ಕೀಲ್ ಹಾಕಿದೀರಾ, ಕೇಳು," ಅಂದಳು ಸಂಹಿತಾ.

ಇಲ್ಲೇ ಆಗಿದ್ದು ಎಡವಟ್ಟು. ಅವಳು ಕೇಳಿದ್ದು ಕೀಲ್ ಇಳಿಸಿ ಬೋಲ್ಟ್ ಬಿಗಿದಿದೀರಾ ಅಂತ. ಮೈಸೂರಿನ ಸಂಹಿತಾಗೆ ಬಾಗಿಲಿಗೆ ಹಾಕೋದು ಬೀಗ. ಬಾಗಲಕೋಟೆಯ ಅಮೂಲ್ಯಾಗೆ ಬಾಗಿಲಿಗೆ ಹಾಕೋದು ಕೀಲಿ. ಹುಟ್ಟಿದಾಗಿಂದ ಮನೆ ಬಿಡುವಾಗೆಲ್ಲ ಅವಳು ಕೇಳಿರೋ ಮಾತು ಅದೇ. ಗಾಳಿಯ ಗದ್ದಲದಲ್ಲಿ ಅವಳ ಕಿವಿಗೆ ಬಿದ್ದದ್ದೂ ಅದೇ.

"ಏನ್ರೀ, ಸಂಹಿತಾ ಕೇಳಾಕತ್ತಾಳ, ಕೀಲಿ ಹಾಕೀರೇನಂತ."

ಚಿದಾನಂದ್ ಪ್ಯಾಂಟ್ ಜೇಬು ತಟ್ಟಿಕೊಂಡರು. "ಹಾಕೀನಿ ಅಂತ ಹೇಳು. ಎರಡ ಸಲ ನೋಡೀನಿ."

ಅವರು ನೋಡಿದ್ದು ಕಾರನ್ನು.

"ಹಾಕ್ಯಾರಂತ," ಅಂದಳು ಅಮೂಲ್ಯಾ.

"ಸದ್ಯ! ಎರಡು ಗಂಟೆ ಮೇಲೆ ಉತ್ತರದ ಗಾಳಿ ನುಗ್ಗುತ್ತೆ ಅಂತಿದೆ. ಅಷ್ಟರೊಳಗೆ ದಡಕ್ಕೆ ಬಂದ್ಬಿಡಿ."

ಒಂದೂವರೆಗೆ ಬರಬೇಕು ಅಂತಲೇ ಇದ್ದರು. ಆದರೆ ಗಾಳಿ ಎಷ್ಟು ಮೆತ್ತಗಿತ್ತು ಅಂದರೆ ಡಾಕ್ಟರಿಗೆ ಮನಸ್ಸೇ ಬರಲಿಲ್ಲ. ಬುತ್ತಿ ಬಿಚ್ಚಿದರು. ಚಪಾತಿ, ಶೇಂಗಾ ಚಟ್ನಿ ತಿಂದರು. ಇನ್ನೊಂದು ಸುತ್ತು ಅಂದರು. ಎರಡೂಕಾಲಿಗೆ ಮಗಳು ಹಿಂದಕ್ಕೆ ಕೈ ತೋರಿಸಿದಳು. "ಡ್ಯಾಡ್, ವಾಟ್ ಈಸ್ ದಟ್?"

ಉತ್ತರದ ಆಕಾಶ ಕಪ್ಪು ಗೆರೆ ಎಳೆದ ಹಾಗೆ ಆಗಿತ್ತು. ನೋಡ್ತಾ ನೋಡ್ತಾ ಮೈ ತಣ್ಣಗಾಯಿತು. "ಹಾಯಿ ಇಳಸ್ರಿ!" ಅಂತ ಅಮೂಲ್ಯಾ ಚೀರಿದಳು. ಚಿದಾನಂದ್ ಎದ್ದರು, ಹಗ್ಗಕ್ಕೆ ಕೈ ಹಾಕಿದರು, ತಡವಾಗಿತ್ತು. ಗಾಳಿ ತುಂಬಿದ ಹಾಯಿಗೆ ಒಂದೇ ಏಟು. ದೋಣಿ ಪಕ್ಕಕ್ಕೆ ಮಲಗಿತು. ಅಮೂಲ್ಯಾಳ ಕಾಲಡಿ ಏನೋ 'ಧಡ್' ಅಂತ ಬಡಿಯಿತು. ಮಲಗಿದ ದೋಣಿ ಏಳಲಿಲ್ಲ. ಪೂರ್ತಿ ಮಗುಚಿತು.

ಆ ಕೊಲ್ಲಿ ಅಲ್ಲಿ ಎಂಟೇ ಅಡಿ ಆಳ. ಮುಳುಗೋದಕ್ಕೆ ಅಷ್ಟು ಸಾಕು.

ಅಮೂಲ್ಯಾಳನ್ನು ಜಾಕೆಟ್ ಮೇಲಕ್ಕೆ ಎತ್ತಿತು. ಕಣ್ಣು ಬಿಟ್ಟಾಗ ಮಗಳು ಪಕ್ಕದಲ್ಲೇ ತೇಲುತ್ತಿದ್ದಳು, ಅಳುತ್ತಿದ್ದಳು, ಉಸಿರಾಡುತ್ತಿದ್ದಳು. ಚಿದಾನಂದ್ ಎಲ್ಲಿ? ಅವರ ಜಾಕೆಟ್ ಒಂದೇ ಅಲೆಗಳ ಮೇಲೆ ದೂರ ಓಡುತ್ತಿತ್ತು. ಅಯ್ಯೋ ಶಿವನೇ, ಆ ಕ್ಷಣ ಯಾವ ಹೆಂಗಸಿಗೂ ಬರಬಾರದು. ಹಾಯಿಯ ಬಟ್ಟೆ ಪಕ್ಕದಲ್ಲಿ ಒಂದು ತಲೆ ಎದ್ದಿತು, ಕೆಮ್ಮಿತು, ಮತ್ತೆ ಮುಳುಗಿತು. ಹುಡುಗರಾಗಿದ್ದಾಗ ಘಟಪ್ರಭೆಯಲ್ಲಿ ಈಜಿದವರು. ಆದರೆ ಕಾಲಿಗೆ ಹಗ್ಗ ಸುತ್ತಿಕೊಂಡಿತ್ತು. ಈಜು ಬಾರದ ಅಮೂಲ್ಯಾ ಕೈಕಾಲು ಬಡಿದು ಅಲ್ಲಿಗೆ ಹೋದಳು. ಕಾಲರ್ ಹಿಡಿದು ಎಳೆದಳು. ಅವರು ಹಗ್ಗದಿಂದ ಕಾಲು ಬಿಡಿಸಿಕೊಂಡು ಅವಳ ಜಾಕೆಟ್ ಪಟ್ಟಿಗೆ ಜೋತುಬಿದ್ದರು.

"ಅಮೂಲ್ಯಾ, ಬಿಡಬ್ಯಾಡ."

"ನಾ ಯಾಕ ಬಿಡ್ಲಿ? ಸುಮ್ನಿರ್ರಿ, ನೀರು ಕುಡೀಬ್ಯಾಡ್ರಿ."

ಇಪ್ಪತ್ತೈದು ನಿಮಿಷ ಒಂದೇ ಜಾಕೆಟ್ ಇಬ್ಬರನ್ನೂ ಹೊತ್ತಿತು. ನಿವೇದಿತಾ ಮಗುಚಿದ ದೋಣಿ ಹಿಡಿದುಕೊಂಡು ಕೈ ಬೀಸುತ್ತಲೇ ಇದ್ದಳು. ಕೊನೆಗೆ ದಡಕ್ಕೆ ಓಡುತ್ತಿದ್ದ ಸೀಗಡಿ ಹಿಡಿಯುವ ದೋಣಿಯ ಮುದುಕನೊಬ್ಬ ನೋಡಿದ. ಮೂವರನ್ನೂ ಮೇಲೆತ್ತಿ ಕಂಬಳಿ ಹೊದಿಸಿ, ಸಂಹಿತಾ ಜೊತೆ ಮಾತಾಡಲು ತನ್ನ ಫೋನ್ ಕೊಟ್ಟ.

"ಕೀಲ್ ಹಾಕಿದೀವಿ ಅಂದ್ರಲ್ಲೇ!" ಸುದ್ದಿ ಕೇಳಿದ ಸಂಹಿತಾ ಅರಚಿದಳು.

"ಹಾಕೀವಲ್ಲ..." ಅಂದ ಅಮೂಲ್ಯಾ ಗಂಡನ ಕಡೆ ನೋಡಿದಳು. ಚಿದಾನಂದ್ ಒದ್ದೆ ಜೇಬಿಗೆ ಕೈ ಹಾಕಿ ಹೊರಗೆ ತೆಗೆದದ್ದು ಕಾರಿನ ಕೀಲಿಕೈ. ಅವಳಿಗೆ ಆ 'ಧಡ್' ಸದ್ದು ಈಗ ಅರ್ಥವಾಯಿತು. ಮಡಚಿಕೊಂಡ ಚಮಚ ಕಣ್ಣ ಮುಂದೆ ಬಂತು.

"ಸಂಹಿತಾ, ಕಾರಿಗೆ ಹಾಕೀವಿ. ನಮ್ಮ ಕಡೆ ಬೀಗಕ್ಕ ಕೀಲಿ ಅಂತೀವಿ." ಅಷ್ಟು ಹೇಳಿ ಅವಳು ಗೋಳೋ ಅಂತ ಅತ್ತಳು. "ನಾನ ತಪ್ಪು ಕೇಳಿಸ್ಕೊಂಡೆ. ನನ್ನಿಂದ ಆತು."

ಚಿದಾನಂದ್ ಅವಳ ಕೈಯಿಂದ ಫೋನ್ ತೆಗೆದುಕೊಂಡರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ಅವಳು ಯಾವತ್ತೂ ಕೇಳಿರಲಿಲ್ಲ.

"ಅಕಿ ತಪ್ಪಲ್ಲವಾ. ಆಪರೇಷನ್ ಮುಂಚೆ ಯಾವ ಕಾಲು ಅಂತ ನಾ ಪೇಶೆಂಟ್‌ನ ಕೇಳ್ತೀನಿ, ಕೈಲೆ ಮುಟ್ಟಿ ನೋಡ್ತೀನಿ, ಪೆನ್ನಿಲೆ ಗುರುತು ಹಾಕ್ತೀನಿ. ಬರೇ ಬಾಯಿಮಾತು ನಂಬಿ ಯಾರ ಮೊಣಕಾಲೂ ಕೊಯ್ದಿಲ್ಲ. ನನ್ನ ಹೆಂಡ್ತಿ, ನನ್ನ ಮಗಳು ಕುಂತ ದೋಣಿಗೆ ಮಾತ್ರ ಬಾಯಿಮಾತು ಸಾಕಾತು ನನಗ."

ದೋಣಿ ಮಾರಿಬಿಡೋಣ ಅಂತ ಅವರೇ ಹೇಳಿದರು. ಒಂದು ವಾರ ಆದ ಮೇಲೆ ಅಮೂಲ್ಯಾ, "ಮಾರೂದು ಬ್ಯಾಡ. ಮೊದಲ ನಾ ಈಜು ಕಲೀತೀನಿ. ನೀವು ಸಂಹಿತಾ ಕಡೆ ಪಾಠ ಕಲೀರಿ," ಅಂದಳು. ಚಳಿಗಾಲವೆಲ್ಲ ಅವಳು ಒಳಾಂಗಣದ ಈಜುಕೊಳಕ್ಕೆ ಹೋದಳು. ಡಾಕ್ಟರು ಹೊಸಬರ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ನೋಟ್ಸ್ ಬರೆದುಕೊಂಡರು. ಗಾಳಿ ಜೋರಾದ ಮೇಲಲ್ಲ, ಜೋರಾಗುವ ಮುಂಚೆಯೇ ಹಾಯಿ ಕಿರಿದು ಮಾಡಬೇಕು ಅನ್ನೋದನ್ನು ಎರಡು ಗೆರೆ ಎಳೆದು ಬರೆದರು.

ಡಾಲಸ್ ಕಡೆ ಯೂಲೆಸ್‌ನಲ್ಲಿರುವ ಗೆಳೆಯ ತಿರುಮಲ ದೋಣಿ ತಗೊಂಡ ಸುದ್ದಿ ಬಂದಾಗ ಚಿದಾನಂದ್ ಅವತ್ತೇ ಫೋನ್ ಮಾಡಿದರು.

"ನಂದು ಗಟ್ಟಿ ಕೀಲ್ ಕಣಯ್ಯಾ, ಮಡಚೋದೇ ಇಲ್ಲ. ನನಗೇನು ಭಯ?" ಅಂದ ತಿರುಮಲ.

"ಖರೇ. ದೋಣಿ ತಾನ ಏಳತೈತಿ. ನೀರಿಗೆ ಬಿದ್ದ ನಿನ್ನನ್ನ ಎಬ್ಸಾಕ ನಿನಗ ಕೀಲ್ ಐತೇನು? ಜಾಕೆಟ್ ಮೈಮ್ಯಾಗ ಹಾಕ್ಕೋ. ಕುಂಡಿ ಕೆಳಗ ಅಲ್ಲ."

ಮಾರ್ಚ್‌ನಲ್ಲಿ ಮೂವರೂ ಮತ್ತೆ ಕೊಲ್ಲಿಗೆ ಹೋದರು. ಈ ಸಲ ಮೂರು ಜಾಕೆಟ್ಟೂ ಮೈಮೇಲೇ ಇದ್ದವು. ಹವಾಮಾನ ಎರಡು ಸಲ ನೋಡಿದ್ದರು. ಎಷ್ಟು ಗಂಟೆಗೆ ವಾಪಸ್ ಅಂತ ಸಂಹಿತಾಗೆ ತಿಳಿಸಿದ್ದರು. ಹೊರಡಬೇಕು ಅನ್ನುವಾಗ, ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ನಿವೇದಿತಾ ದೋಣಿಯೊಳಗೆ ಅಪ್ಪನಿಗೆ ಅಡ್ಡ ನಿಂತಳು.

"ಅಪ್ಪಾ, ಕೀಲ್‌ಗೆ ಕೀಲಿ ಹಾಕೀರೇನು?"

"ಹಾಕೀನವಾ."

"ಮುಟ್ಟಿ ಹೇಳ್ರಿ."

ಚಿದಾನಂದ್ ಮಂಡಿಯೂರಿ ಕೂತರು. ಬೋಲ್ಟ್ ಮೇಲೆ ಕೈಯಿಟ್ಟು ತಿರುಗಿಸಿ ನೋಡಿದರು. ಬಿಗಿಯಾಗಿತ್ತು. "ಹಾಕೀನಿ," ಅಂದರು. ಅಮೂಲ್ಯಾ ಬಗ್ಗಿ ಗಂಡನ ಕೈ ಪಕ್ಕದಲ್ಲಿ ತನ್ನ ಕೈಯನ್ನೂ ಇಟ್ಟಳು.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮಗೂ ಅಷ್ಟೇ ಹೇಳೋದು. ನೀರಿಗೆ ಹೋಗಿ, ಮಕ್ಕಳನ್ನೂ ಕರೆದುಕೊಂಡು ಹೋಗಿ, ಸಂತೋಷವಾಗಿರಿ. ನಿಮ್ಮ ದೋಣಿಯ ಕೀಲ್ ಯಾವ ಥರದ್ದು ಅಂತ ಮೊದಲು ತಿಳಿದುಕೊಳ್ಳಿ. ಜಾಕೆಟ್ ಹಾಕಿಕೊಳ್ಳಿ. ಆಕಾಶ ಕಪ್ಪಾಗುವ ಮೊದಲೇ ದಡಕ್ಕೆ ಬನ್ನಿ. ನಿಮ್ಮ ಮನೆಯಲ್ಲಿ ಬೀಗ ಅನ್ನಿ, ಕೀಲಿ ಅನ್ನಿ, ಲಾಕ್ ಅನ್ನಿ, ಅದು ನಿಮ್ಮಿಷ್ಟ. ಆದರೆ ಹಾಕಿದೀರಾ ಅಂತ ಯಾರಾದರೂ ಕೇಳಿದರೆ ಕೂತಲ್ಲಿಂದಲೇ ಹೂಂ ಅನ್ನಬೇಡಿ. ಎದ್ದು ಹೋಗಿ, ಬಗ್ಗಿ, ಕೈಯಿಂದ ಮುಟ್ಟಿ ನೋಡಿ. ಆಮೇಲೆ ಹೇಳಿ.